ಉಳ್ಳಾಗಡ್ಡಿ, ಮೆಣಸಿನಕಾಯಿ ಮತ್ತು ಗಣಿತೀಯ ಅರ್ಥಶಾಸ್ತ್ರ

ಅಕ್ಕನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿ ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ಜೊತೆಗೆ ಭಾವನೂ ಇದ್ದರು. ಗದಗ ತಾಲ್ಲೂಕಿನಲ್ಲಿ ಅವರದು ಆರು ಎಕರೆ ಎರೆಹೊಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ. ಚಹಾ ಬರುವ ಮೊದಲೇ ಹುಡುಗಿ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಪದವಿಗಳ ಪಟ್ಟಿ. ಅದರಲ್ಲಿ ‘ಮ್ಯಾಥಮೆಟಿಕಲ್ ಎಕನಾಮಿಕ್ಸ್’ ಎಂಬುದರ ಮೇಲೆ ಬೆರಳಿಟ್ಟು, “ಮಾಮಾ, ಇದು ಗಣಿತವೋ ಅರ್ಥಶಾಸ್ತ್ರವೋ?” ಎಂದಳು. ಭಾವ ಕೇಳಿದ್ದು ಬೇರೆ: “ಇದನ್ನು ಓದಿದರೆ ಬ್ಯಾಂಕಿನ ಪರೀಕ್ಷೆ ಬರೆಯಬಹುದೇನು?”

ಭಾವನಿಗೆ ಉತ್ತರ ಕೊಡುವುದು ಸುಲಭ. ಬರೆಯಬಹುದು, ಆದರೆ ಬ್ಯಾಂಕಿನ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ, ಅದಕ್ಕಾಗಿ ಇಷ್ಟು ಒದ್ದಾಡಬೇಕಿಲ್ಲ. ಹುಡುಗಿಯ ಪ್ರಶ್ನೆಗೆ ಮಾತ್ರ ಇಡೀ ಸಂಜೆ ಬೇಕಾಯಿತು. ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನನಗೆ ಪ್ರತಿ ಜೂನ್‌ನಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಅಂದು ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಗಣಿತೀಯ ಅರ್ಥಶಾಸ್ತ್ರ ಎಂದ ಕೂಡಲೇ ಜನ ಬಡ್ಡಿ ಲೆಕ್ಕ, ಶೇಕಡಾವಾರು, ಬಜೆಟ್ಟಿನ ಅಂಕಿ ಅಂಶಗಳನ್ನು ನೆನೆಯುತ್ತಾರೆ. ಈ ವಿಷಯದ ಪಠ್ಯಪುಸ್ತಕ ತೆರೆದರೆ ಎಷ್ಟೋ ಪುಟಗಳಲ್ಲಿ ಅಂಕಿಯೇ ಇರುವುದಿಲ್ಲ. ಸೊನ್ನೆ, ಒಂದು ಕಂಡರೆ ಅದೇ ಹೆಚ್ಚು. ಉಳಿದುದೆಲ್ಲ ಅಕ್ಷರಗಳು, ಚಿಹ್ನೆಗಳು ಮತ್ತು ‘ಆದರೆ’ ಎಂಬ ಪದ. ಹೀಗೆ ಆದರೆ ಹಾಗೆ ಆಗುತ್ತದೆ. ಆ ಮೊದಲನೆಯ ಅರ್ಧವನ್ನು, ಅಂದರೆ ಯಾವ ಷರತ್ತಿನ ಮೇಲೆ ನಾವು ಮಾತನಾಡುತ್ತಿದ್ದೇವೆ ಎಂಬುದನ್ನು, ಮುಚ್ಚಿಡಲು ಬಿಡದಿರುವುದೇ ಇಲ್ಲಿ ಗಣಿತದ ಕೆಲಸ.

ಒಂದು ಉದಾಹರಣೆ. ಕೂಲಿ ಹೆಚ್ಚಾದರೆ ಕೂಲಿಕಾರರು ಹೆಚ್ಚು ದಿನ ಕೆಲಸಕ್ಕೆ ಬರುತ್ತಾರೋ ಕಡಿಮೆ ದಿನವೋ? ಹೆಚ್ಚು ಎನ್ನುವವನ ಮಾತು ಕೇಳಿದರೆ ಅದೇ ಸರಿ ಎನಿಸುತ್ತದೆ: ಒಂದು ದಿನ ಮನೆಯಲ್ಲಿ ಕುಳಿತರೆ ಆಗುವ ನಷ್ಟ ಈಗ ದೊಡ್ಡದು. ಕಡಿಮೆ ಎನ್ನುವವನದೂ ಸರಿಯೇ: ಮೊದಲು ಆರು ದಿನಕ್ಕೆ ಸಿಗುತ್ತಿದ್ದ ಹಣ ಈಗ ನಾಲ್ಕೇ ದಿನಕ್ಕೆ ಸಿಗುತ್ತಿರುವಾಗ ಇನ್ನೆರಡು ದಿನ ಬೆನ್ನು ಬಗ್ಗಿಸುವುದೇಕೆ? ಕಟ್ಟೆಯ ಮೇಲೆ ಕುಳಿತು ಈ ವಾದವನ್ನು ರಾತ್ರಿಯವರೆಗೂ ನಡೆಸಬಹುದು. ಗಣಿತಕ್ಕೂ ಒಂದೇ ಉತ್ತರ ಗೊತ್ತಿಲ್ಲ. ಆದರೆ ಇಬ್ಬರ ಮಾತನ್ನೂ ಒಂದೇ ಸಮೀಕರಣದ ಎರಡು ಭಾಗಗಳಾಗಿ ಬಿಡಿಸಿಟ್ಟು, ಯಾವುದು ದೊಡ್ಡದಾದರೆ ಯಾರು ಗೆಲ್ಲುತ್ತಾರೆ ಎಂದು ತೋರಿಸುತ್ತದೆ. 1915ರಲ್ಲಿ ಸ್ಲಟ್‌ಸ್ಕಿ ಎಂಬ ರಷ್ಯಾದ ಗಣಿತಜ್ಞ ಕೊಳ್ಳುವವರ ಬೇಡಿಕೆಯ ವಿಷಯದಲ್ಲಿ ಇಂಥ ಬಿಡಿಸುವಿಕೆಯನ್ನು ಮಾಡಿ ತೋರಿಸಿದ. ಇಂದಿಗೂ ಅದು ಪದವಿಯ ಪಾಠ.

ಇದಿಷ್ಟು ಕೇಳಿ ಭಾವ ಆಕಳಿಸಿದರು. ಹಾಗಾಗಿ ಬ್ಯಾಡಗಿಗೆ ಹೋದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದವರಿಗೆ ಇದು ಗೊತ್ತು. ದಲಾಲಿ ಅಂಗಡಿಯ ಮುಂದೆ ಚೀಲಗಳನ್ನು ಇಳಿಸಿ, ಲಾಟಿಗೆ ಒಂದು ಸಂಖ್ಯೆ ಕೊಡುತ್ತಾರೆ. ಖರೀದಿದಾರರು ಬಂದು ಒಂದು ಹಿಡಿ ಎತ್ತಿ, ಒಂದು ಕಾಯಿ ಮುರಿದು ಬಣ್ಣ ನೋಡಿ, ತೇವ ನೋಡಿ, ಮುಖದಲ್ಲಿ ಏನನ್ನೂ ತೋರಿಸದೆ ಮುಂದೆ ಹೋಗುತ್ತಾರೆ. ಆಮೇಲೆ ಇ-ಟೆಂಡರ್‌ನಲ್ಲಿ ತಮ್ಮ ಬೆಲೆ ನಮೂದಿಸುತ್ತಾರೆ. ಒಬ್ಬ ಹಾಕಿದ ಬೆಲೆ ಇನ್ನೊಬ್ಬನಿಗೆ ಕಾಣುವುದಿಲ್ಲ. ಅತಿ ಹೆಚ್ಚು ಹಾಕಿದವನಿಗೆ, ಅವನು ಹಾಕಿದ ಬೆಲೆಗೇ ಲಾಟು. ಈಗ ನೀವೇ ಖರೀದಿದಾರ. ಎಷ್ಟು ಹಾಕುತ್ತೀರಿ?

ಲೆಕ್ಕವನ್ನು ಸಣ್ಣದು ಮಾಡೋಣ. ಖರೀದಿದಾರರು ಇಬ್ಬರೇ. ಒಂದು ಲಾಟು ತನಗೆ ಎಷ್ಟು ಬೆಲೆಬಾಳುತ್ತದೆ ಎಂಬುದು ಅವರವರಿಗೆ ಮಾತ್ರ ಗೊತ್ತು; ಅದು ಸೊನ್ನೆಯಿಂದ 100ರವರೆಗೆ ಎಷ್ಟು ಬೇಕಾದರೂ ಇರಬಹುದು, ಎಲ್ಲಕ್ಕೂ ಸಮಾನ ಸಾಧ್ಯತೆ. ನಿಮಗೆ ಅದು 80. ಪ್ರಾಮಾಣಿಕವಾಗಿ 80 ಎಂದೇ ಹಾಕಿದರೆ ಲಾಟು ಸಿಕ್ಕರೂ ಉಳಿಯುವುದು ಸೊನ್ನೆ. ತೀರಾ ಕಡಿಮೆ ಹಾಕಿದರೆ ಲಾಟೇ ಕೈತಪ್ಪುತ್ತದೆ. ಎದುರಿನವನು ತನಗೆ ಬೆಲೆಬಾಳುವುದರ ಅರ್ಧವನ್ನು ಹಾಕುತ್ತಾನೆ ಎಂಬುದು ನಿಮ್ಮ ಊಹೆ ಎಂದುಕೊಳ್ಳಿ. ಹಾಗಾದರೆ ಅವನ ಟೆಂಡರ್ ಸೊನ್ನೆಯಿಂದ 50ರೊಳಗೆ ಎಲ್ಲೋ ಇದೆ. ನೀವು 30 ಹಾಕಿದರೆ ಗೆಲ್ಲುವ ಸಾಧ್ಯತೆ ನೂರಕ್ಕೆ 60, ಗೆದ್ದರೆ ಉಳಿಯುವುದು 50. ಸರಾಸರಿ ಲಾಭ 30. ನೀವು 50 ಹಾಕಿದರೆ ಗೆಲುವು ಖಚಿತ, ಆದರೆ ಉಳಿಯುವುದು 30, ಸರಾಸರಿಯೂ 30. ನಡುವೆ 40 ಹಾಕಿ ನೋಡಿ: ಗೆಲ್ಲುವ ಸಾಧ್ಯತೆ ನೂರಕ್ಕೆ 80, ಉಳಿಯುವುದು 40, ಸರಾಸರಿ 32. ಹುಡುಗಿ ಅಲ್ಲೇ ಕಾಗದ ತೆಗೆದುಕೊಂಡು 38, 42 ಹಾಕಿ ನೋಡಿದಳು. ಎರಡೂ 32ಕ್ಕಿಂತ ತುಸು ಕಡಿಮೆಯೇ ಬಂದವು. ಆಮೇಲೆ ಪಿಯುಸಿಯಲ್ಲಿ ಕಲಿತ ಅವಕಲನ ನೆನಪಾಗಿ, ಒಂದೇ ಸಾಲಿನಲ್ಲಿ 40 ತೆಗೆದಳು. 80ರ ಅರ್ಧ.

ಸ್ವಾರಸ್ಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಅವನು ಅರ್ಧ ಹಾಕಿದರೆ ನಿಮಗೂ ಅರ್ಧ ಹಾಕುವುದೇ ಲೇಸು. ನೀವು ಅರ್ಧ ಹಾಕುತ್ತೀರಿ ಎಂದು ಅವನು ಊಹಿಸಿದರೆ ಅವನಿಗೂ ಅರ್ಧವೇ ಲೇಸು. ಇಬ್ಬರಿಗೂ ತಮ್ಮ ನಡೆಯನ್ನು ಬದಲಿಸಲು ಕಾರಣವಿಲ್ಲ. ಇಂಥ ಸ್ಥಿತಿಗೇ ನ್ಯಾಶ್ ಸಮತೋಲನ ಎನ್ನುತ್ತಾರೆ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಇದನ್ನು ಮುಂದಿಟ್ಟಾಗ ಅವರಿಗೆ ಇನ್ನೂ ಇಪ್ಪತ್ತೆರಡು ವರ್ಷ ತುಂಬಿರಲಿಲ್ಲ. ಖರೀದಿದಾರರು ಐದು ಜನರಾದರೆ ಇದೇ ಲೆಕ್ಕದಲ್ಲಿ ಪ್ರತಿಯೊಬ್ಬನೂ ತನ್ನ ಬೆಲೆಯ ಐದರಲ್ಲಿ ನಾಲ್ಕು ಪಾಲು, ಹತ್ತು ಜನರಾದರೆ ಹತ್ತರಲ್ಲಿ ಒಂಬತ್ತು ಪಾಲು ಹಾಕುತ್ತಾನೆ. “ಅದಕ್ಕೇ ದೂರವಾದರೂ ಬ್ಯಾಡಗಿಗೇ ಒಯ್ಯುತ್ತೇವೆ, ಅಲ್ಲಿ ಕೊಳ್ಳುವವರು ಹೆಚ್ಚು,” ಎಂದರು ಭಾವ. ಹೌದು. ಅವರಿಗೆ ಗೊತ್ತಿದ್ದದ್ದೇ. ಆದರೆ ಎರಡರಿಂದ ಐದಕ್ಕೆ ಏರಿದಾಗ ಸಿಗುವ ಲಾಭ ದೊಡ್ಡದು, ಐದರಿಂದ ಹತ್ತಕ್ಕೆ ಏರಿದಾಗ ಸಿಗುವುದು ಸಣ್ಣದು ಎಂಬುದು ಅನುಭವದಿಂದ ಅಷ್ಟು ಸುಲಭವಾಗಿ ಹೊರಬರುವುದಿಲ್ಲ.

ಈ ಮಾದರಿ ಬ್ಯಾಡಗಿಯಲ್ಲ, ಬ್ಯಾಡಗಿಯ ಒಂದು ನೆರಳು. ಅಲ್ಲಿನ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ. ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳು, ಮಸಾಲೆ ಕಂಪನಿಗಳು ಮುಂದೆ ಕೊಡುವ ಬೆಲೆ ಎಲ್ಲ ಖರೀದಿದಾರರಿಗೂ ಹೆಚ್ಚುಕಡಿಮೆ ಒಂದೇ. ಅಂದಮೇಲೆ ‘ನನಗೆ ಬೆಲೆಬಾಳುವುದು ನನಗೆ ಮಾತ್ರ ಗೊತ್ತು’ ಎಂಬ ಷರತ್ತು ಮುರಿಯಿತು. ಎಲ್ಲರೂ ಒಂದೇ ಬೆಲೆಯನ್ನು ಅಂದಾಜಿಸುತ್ತಿರುವಾಗ ಗೆಲ್ಲುವವನು ಅತಿ ಹೆಚ್ಚು ಅಂದಾಜಿಸಿದವನು, ಅಂದರೆ ಬಹುಶಃ ಹೆಚ್ಚು ತಪ್ಪಿದವನು. ಗೆದ್ದವನೇ ಕೈಸುಟ್ಟುಕೊಳ್ಳುವ ಈ ಪೇಚನ್ನು ಬಿಡಿಸಿದವರು ರಾಬರ್ಟ್ ವಿಲ್ಸನ್. ಅವರಿಗೂ ಅವರ ಶಿಷ್ಯ ಪಾಲ್ ಮಿಲ್‌ಗ್ರಾಮ್ ಅವರಿಗೂ 2020ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಹರಾಜಿನ ಸಿದ್ಧಾಂತಕ್ಕೇ. ಷರತ್ತು ಎಲ್ಲಿ ಮುರಿಯಿತು ಎಂದು ಗುರುತಿಸಿ, ಅದನ್ನು ಬದಲಿಸಿ, ಮತ್ತೆ ಲೆಕ್ಕ ಮಾಡುವುದು: ಮೂರು ವರ್ಷವೂ ನಡೆಯುವುದು ಇದೇ.

ಮಕ್ಕಳು ಹೆದರುವುದು ಇಂಥ ಲೆಕ್ಕಗಳಿಗಲ್ಲ, ಸಂಖ್ಯೆ, ಮಿತಿಗಳ ಕುರಿತ ಹೇಳಿಕೆಗಳನ್ನು ಸಾಧಿಸಿ ತೋರಿಸಬೇಕಾದ ‘ರಿಯಲ್ ಅನಾಲಿಸಿಸ್’ ಎಂಬ ಪತ್ರಿಕೆಗೆ. ಅದು ಬೇಕೇಕೆ ಎಂದು ಕೇಳಿದರೆ ನಾನು ಹುಬ್ಬಳ್ಳಿಯ ದುರ್ಗದ ಬೈಲಿಗೆ ಕರೆದೊಯ್ಯುತ್ತೇನೆ. ಪಕ್ಕಪಕ್ಕದಲ್ಲಿ ಎರಡು ಅಂಗಡಿ, ಒಂದೇ ಸಾಮಾನು. ಒಬ್ಬ 50 ರೂಪಾಯಿ ಎನ್ನುತ್ತಾನೆ. ಇನ್ನೊಬ್ಬ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಹೇಳಿದರೆ ಸಾಕು, ಗಿರಾಕಿಗಳೆಲ್ಲ ಅವನ ಕಡೆಗೆ. ಅವನಿಗೆ ಅತ್ಯುತ್ತಮ ಬೆಲೆ ಯಾವುದು? 49.99? 49.999 ಇನ್ನೂ ಲೇಸು. 49.9999 ಅದಕ್ಕಿಂತ ಲೇಸು. 50ಕ್ಕಿಂತ ಕಡಿಮೆ ಇರುವ ಸಂಖ್ಯೆಗಳಲ್ಲಿ ಅತಿ ದೊಡ್ಡದು ಎಂಬುದು ಇಲ್ಲವೇ ಇಲ್ಲ. ಅಂದರೆ ನಾವು ಹುಡುಕುತ್ತಿದ್ದ ‘ಅತ್ಯುತ್ತಮ’ ಇಲ್ಲದ ವಸ್ತು. (ಪೈಸೆಯ ಲೆಕ್ಕ ಎಲ್ಲೋ ನಿಲ್ಲಲೇಬೇಕಾದ್ದರಿಂದ ನಿಜವಾದ ಅಂಗಡಿಯವನು ಪಾರಾಗುತ್ತಾನೆ, ಅದು ಬೇರೆ ಮಾತು.) ಅತಿ ಹೆಚ್ಚು ಲಾಭ ಯಾವಾಗ ಇದ್ದೇ ಇರುತ್ತದೆ, ಯಾವಾಗ ಇಲ್ಲದಿರಬಹುದು ಎಂದು ಮೊದಲೇ ಹೇಳುವ ಪ್ರಮೇಯ ಜರ್ಮನಿಯ ಗಣಿತಜ್ಞ ವೈರ್‌ಸ್ಟ್ರಾಸ್‌ನದು. ಅದನ್ನು ಕಲಿಯಲು ಅನಾಲಿಸಿಸ್ ಬೇಕು.

ನಮ್ಮ ಮಕ್ಕಳು ಇಲ್ಲಿ ಎಡವುವುದಕ್ಕೆ ದಡ್ಡತನ ಕಾರಣವಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ‘ಪ್ರಮೇಯವನ್ನು ನಿರೂಪಿಸಿ ಸಾಧಿಸಿ’ ಎಂಬ ಪ್ರಶ್ನೆಗೆ ಥೇಲ್ಸನದನ್ನೋ ಪೈಥಾಗೊರಸನದನ್ನೋ ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದವರು ಅವರು. ಸಾಧನೆ ಎಂದರೆ ಪುಟದಲ್ಲಿದ್ದುದನ್ನು ಮತ್ತೆ ಬರೆಯುವುದು ಎಂದೇ ಹತ್ತು ವರ್ಷ ಕಲಿಸಿರುತ್ತೇವೆ. ಕಂಡಿರದ ಹೇಳಿಕೆ ಕೊಟ್ಟು ‘ಇದು ನಿಜವೋ ಸುಳ್ಳೋ, ಏಕೆ?’ ಎಂದರೆ ಕೈ ನಡುಗುತ್ತದೆ. ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂದವರು ಮೊದಲ ಸೆಮಿಸ್ಟರ್‌ನಲ್ಲಿ ಅತ್ತದ್ದನ್ನು ನೋಡಿದ್ದೇನೆ. ಎಪ್ಪತ್ತು ಬಂದವರು ಹಟ ಹಿಡಿದು ದಾಟಿದ್ದನ್ನೂ ನೋಡಿದ್ದೇನೆ.

ಎರಡನೆಯ ವರ್ಷದ ಹೊತ್ತಿಗೆ ಲಗ್ರಾಂಜ್ ಗುಣಕ ಬರುತ್ತದೆ. ಹೆಸರು ಕೇಳಿ ಗಾಬರಿಯಾಗುವುದು ಬೇಡ. ಭಾವನ ಕೊಳವೆಬಾವಿಗೆ ತ್ರೀ ಫೇಸ್ ವಿದ್ಯುತ್ ದಿನಕ್ಕೆ ಎಣಿಸಿದಷ್ಟು ತಾಸು ಬರುತ್ತದೆ. ಆ ತಾಸುಗಳನ್ನು ಮೆಣಸಿನಕಾಯಿಗೂ ಉಳ್ಳಾಗಡ್ಡಿಗೂ ಹಂಚಿ ಹೆಚ್ಚೆಂದರೆ ಇಷ್ಟು ಲಾಭ ಎಂದು ಲೆಕ್ಕ ಹಾಕಬಹುದು. ಇನ್ನೊಂದು ತಾಸು ವಿದ್ಯುತ್ ಬಂದರೆ ಆ ಲಾಭ 900 ರೂಪಾಯಿ ಹೆಚ್ಚುತ್ತದೆ ಎಂದುಕೊಳ್ಳಿ. ಆ 900 ಎಂಬುದೇ ಗುಣಕ. ತಾಸಿಗೆ 700 ರೂಪಾಯಿಗೆ ಡೀಸೆಲ್ ಎಂಜಿನ್ ಬಾಡಿಗೆಗೆ ಸಿಕ್ಕರೆ ತರಬೇಕು, 1,000 ಕೇಳಿದರೆ ಬಿಡಬೇಕು. ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ವಸ್ತುವಿಗೆ ಗಣಿತ ಬೆಲೆ ಕಟ್ಟಿತು.

ಇನ್ನು ಉಳ್ಳಾಗಡ್ಡಿ. ಒಂದು ವರ್ಷ ಬೆಲೆ ಗಗನಕ್ಕೆ, ಮರುವರ್ಷ ಕೊಂಡೊಯ್ದ ಟ್ರ್ಯಾಕ್ಟರ್ ಬಾಡಿಗೆಯೂ ಹುಟ್ಟುವುದಿಲ್ಲ. ಇದಕ್ಕೆ ಒಂದು ಹಳೆಯ ಮಾದರಿಯಿದೆ. 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಅದಕ್ಕೆ ಜೇಡರ ಬಲೆಯ ಹೆಸರಿಟ್ಟರು. ರೈತ ಈ ವರ್ಷ ಎಷ್ಟು ಬಿತ್ತುತ್ತಾನೆ ಎಂಬುದು ಹೋದ ವರ್ಷದ ಬೆಲೆಯನ್ನು ಅವಲಂಬಿಸಿದೆ. ಈ ವರ್ಷದ ಬೆಲೆ ಈ ವರ್ಷ ಬಂದ ಮಾಲನ್ನು ಅವಲಂಬಿಸಿದೆ. ಕಿಲೋಗೆ 30 ರೂಪಾಯಿ ಇದ್ದರೆ ಎಲ್ಲವೂ ಸಮ ಎಂದಿಟ್ಟುಕೊಂಡು, ಹೋದ ವರ್ಷ 40 ಇತ್ತು ಎನ್ನಿ. ಕೊಳ್ಳುವವರು ಬೆಲೆಗೆ ಸ್ಪಂದಿಸುವಷ್ಟರ ಅರ್ಧದಷ್ಟು ಮಾತ್ರ ರೈತರು ಸ್ಪಂದಿಸಿದರೆ ಮುಂದಿನ ಬೆಲೆಗಳು 25, 32.50, 28.75. ಪ್ರತಿ ವರ್ಷ ಅಂತರ ಅರ್ಧವಾಗುತ್ತಾ ಬಲೆ ನಡುವಿಗೆ ಬರುತ್ತದೆ. ಅದೇ ರೈತರು ಕೊಳ್ಳುವವರ ಒಂದೂವರೆ ಪಟ್ಟು ಸ್ಪಂದಿಸಿದರೆ, 32ರಿಂದ ಶುರುವಾದ ಸಣ್ಣ ಏರುಪೇರು 27, 34.50, 23.25 ಎಂದು ಹಿಗ್ಗುತ್ತಲೇ ಹೋಗುತ್ತದೆ. ಎರಡಕ್ಕೂ ಕಥೆ ಒಂದೇ, ಜನ ಅವರೇ. ಒಂದು ಅನುಪಾತ ಒಂದಕ್ಕಿಂತ ಕಡಿಮೆಯೋ ಹೆಚ್ಚೋ ಎಂಬುದಷ್ಟೇ ವ್ಯತ್ಯಾಸ. ಇಂಥ ಏರಿಳಿತ ಪುಸ್ತಕದೊಳಗೇ ಉಳಿಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ಬೆಲೆ ಬಿದ್ದ ದಿನ ಬ್ಯಾಡಗಿ ಎಪಿಎಂಸಿ ಆವರಣದಲ್ಲಿ ಬೆಂಕಿ ಎದ್ದದ್ದನ್ನು ಎಲ್ಲರೂ ನೋಡಿದ್ದೇವೆ.

ಭಾವ ಒಪ್ಪಲಿಲ್ಲ. “ಹೋದ ವರ್ಷದ ಬೆಲೆಯೊಂದನ್ನೇ ನೋಡಿ ಬಿತ್ತುವಷ್ಟು ಹುಚ್ಚರೇ ನಾವು? ಮಳೆ ನೋಡುತ್ತೇವೆ, ಬೀಜದ ಅಂಗಡಿಯಲ್ಲಿ ಗದ್ದಲ ಎಷ್ಟಿದೆ ನೋಡುತ್ತೇವೆ, ನಾಸಿಕದ ಕಡೆ ಏನಾಗಿದೆ ಕೇಳುತ್ತೇವೆ,” ಎಂದರು. ಇದೇ ಆಕ್ಷೇಪವನ್ನು 1961ರಲ್ಲಿ ಜಾನ್ ಮೂತ್ ಎಂಬ ಅಮೆರಿಕದ ವಿದ್ವಾಂಸರು ಗಣಿತದಲ್ಲಿ ಬರೆದರು: ರೈತನಿಗೆ ಮಾರುಕಟ್ಟೆಯ ನಡೆ ಗೊತ್ತಿದ್ದರೆ ಬಲೆಯೇ ಹುಟ್ಟುವುದಿಲ್ಲ. ವಿವೇಕಯುತ ನಿರೀಕ್ಷೆ ಎಂಬ ಆ ವಿಚಾರ ಮುಂದೆ ದೇಶದ ಒಟ್ಟು ಆರ್ಥಿಕತೆಯನ್ನು ನೋಡುವ ಸಮಷ್ಟಿ ಅರ್ಥಶಾಸ್ತ್ರವನ್ನೇ ಅಲುಗಾಡಿಸಿತು. ಹಾಗಾದರೂ ಉಳ್ಳಾಗಡ್ಡಿ ಬೆಲೆ ಏಕೆ ಹೀಗೆ ಕುಣಿಯುತ್ತದೆ ಎಂದು ನಾನು ಮರುಪ್ರಶ್ನೆ ಹಾಕಿದೆ. ಭಾವ ಚಹಾ ಕುಡಿದರು.

ಇಂಥ ಪ್ರಶ್ನೆಯನ್ನು ಅಂಕಿ ಅಂಶದಿಂದ ಪರೀಕ್ಷಿಸುವ ಭಾಗಕ್ಕೆ ಎಕನಾಮೆಟ್ರಿಕ್ಸ್ ಎನ್ನುತ್ತಾರೆ. ಅಲ್ಲಿನ ಮೊದಲ ತೊಡಕನ್ನು ಮಾತ್ರ ಹೇಳುತ್ತೇನೆ. ಮಾರುಕಟ್ಟೆಗೆ ಬಂದ ಮಾಲು ಮತ್ತು ಬೆಲೆ ಎರಡೂ ದಿನಾಲೂ ಬದಲಾಗುತ್ತವೆ. ಬದಲಾವಣೆ ಕೊಳ್ಳುವವರಿಂದ ಬಂತೋ ಬೆಳೆಯುವವರಿಂದಲೋ ಎಂದು ಬರೀ ಆ ಎರಡು ಸಾಲು ಅಂಕಿ ನೋಡಿ ಹೇಳಲಾಗದು. ಬೆಳೆಯುವವರನ್ನಷ್ಟೇ ಅಲುಗಿಸುವ ಮೂರನೆಯದೊಂದು ಬೇಕು. 1928ರಲ್ಲಿ ಫಿಲಿಪ್ ರೈಟ್ ಎಂಬಾತ ಎಣ್ಣೆಗಳ ಮೇಲಿನ ಆಮದು ಸುಂಕದ ಬಗ್ಗೆ ಬರೆದ ಪುಸ್ತಕದ ಅನುಬಂಧದಲ್ಲಿ ಈ ಉಪಾಯ ತೋರಿಸಿದ. ಎಕರೆಗೆ ಬಂದ ಇಳುವರಿಯನ್ನು ಹಿಡಿದು ಬೇಡಿಕೆಯನ್ನು ಅಳೆದ. ಅವನ ಬೆಳೆ ಯಾವುದು ಗೊತ್ತೇ? ಅಗಸೆ. ನಮ್ಮಲ್ಲಿ ರೊಟ್ಟಿಯ ಜೊತೆ ಹಿಂಡಿಯಾಗಿ ಮುಗಿಯುವ ಅದೇ ಅಗಸೆ.

ಗಣಿತವನ್ನು ಇಷ್ಟು ತುಂಬಬೇಕೇ ಎಂಬ ತಕರಾರು ಹೊಸದೇನಲ್ಲ. ಇಂಗ್ಲೆಂಡಿನ ಹೆಸರಾಂತ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಕೇಂಬ್ರಿಜ್‌ನಲ್ಲಿ ಗಣಿತ ಓದಿ ಎರಡನೇ ಸ್ಥಾನ ಪಡೆದವರು. ಅವರೇ 1906ರಲ್ಲಿ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ, ಗಣಿತವನ್ನು ಸಂಕ್ಷಿಪ್ತ ಬರಹದಂತೆ ಬಳಸಿ, ಆಮೇಲೆ ಮಾತಿಗೆ ತಂದು, ಬದುಕಿನ ಉದಾಹರಣೆ ಕೊಟ್ಟು, ಕೊನೆಗೆ ಗಣಿತವನ್ನು ಸುಟ್ಟುಬಿಡಿ ಎಂದಿದ್ದರು. ಅರ್ಧ ಒಪ್ಪುತ್ತೇನೆ. ಮಾತಿಗೆ ತರಲಾಗದ ಲೆಕ್ಕ ನನಗೂ ಬೇಡ. ಸುಡುವುದು ಮಾತ್ರ ಸರಿಯಲ್ಲ. ಸುಟ್ಟರೆ ತಪ್ಪು ಎಲ್ಲಾಗಿದೆ ಎಂದು ಬೇರೆಯವರು ಹುಡುಕುವುದು ಹೇಗೆ?

ಈಗ ಊರಿನ ಮಾತು. ಈ ಹೆಸರಿನ ಪದವಿಯನ್ನು ಅಮೆರಿಕದಲ್ಲಿ ಹಲವೆಡೆ ಕೊಡುತ್ತಾರೆ. ನಮ್ಮ ಕಡೆ ಅದು ಸಾಮಾನ್ಯವಾಗಿ ಅರ್ಥಶಾಸ್ತ್ರದ ಪದವಿಯೊಳಗಿನ ಒಂದು ಪತ್ರಿಕೆಯಾಗಿಯೇ ಉಳಿದಿದೆ. ಹೆಸರಿನ ಹಿಂದೆ ಬೀಳಬೇಡಿ. ಅರ್ಥಶಾಸ್ತ್ರದ ಜೊತೆ ಗಣಿತ ಮತ್ತು ಸಂಖ್ಯಾಶಾಸ್ತ್ರ ಸಿಗುವ ಬಿಎ ಅಥವಾ ಬಿಎಸ್ಸಿ ಹುಡುಕಿ. ಪ್ರವೇಶದ ಹೊತ್ತಿಗೆ ಕೇಳಬೇಕಾದ್ದು ಕಾಲೇಜಿನ ಕಟ್ಟಡದ ಬಗ್ಗೆ ಅಲ್ಲ: ಲೀನಿಯರ್ ಆಲ್ಜೀಬ್ರಾ, ಅನಾಲಿಸಿಸ್, ಸಂಭವನೀಯತೆ, ಎಕನಾಮೆಟ್ರಿಕ್ಸ್ ಈ ನಾಲ್ಕನ್ನು ಯಾವ ಸೆಮಿಸ್ಟರ್‌ನಲ್ಲಿ, ಯಾರು ಕಲಿಸುತ್ತಾರೆ? 2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ರಾಜ್ಯ 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ. ಇಷ್ಟೆಲ್ಲವನ್ನು ಮೂರು ವರ್ಷದಲ್ಲಿ ಹಿಡಿಸುವುದು ಕಷ್ಟ, ಸ್ವಂತ ಓದು ಬೇಕೇ ಬೇಕು. ಅಂಕಿ ಅಂಶ ವಿಶ್ಲೇಷಿಸಲು ಬಳಸುವ ಕಂಪ್ಯೂಟರ್ ಭಾಷೆಗಳಾದ ಆರ್ ಅಥವಾ ಪೈಥಾನ್ ಎರಡರಲ್ಲಿ ಒಂದನ್ನು ರಜೆಯಲ್ಲಿ ಕಲಿತುಕೊಳ್ಳಬಹುದು.

ಪಿಯುಸಿಯಲ್ಲಿ ಗಣಿತ ಬಿಟ್ಟವರಿಗೆ ಈ ದಾರಿ ಕಷ್ಟದ್ದು. ಕನ್ನಡ ಮಾಧ್ಯಮದವರಿಗೆ ಅಷ್ಟು ಕಷ್ಟವಿಲ್ಲ ಎಂಬುದು ನನ್ನ ಅನುಭವ, ಏಕೆಂದರೆ ಸಮೀಕರಣಕ್ಕೆ ಮಾಧ್ಯಮವಿಲ್ಲ. ಪಾರಿಭಾಷಿಕ ಪದಗಳೇ ಅವರನ್ನು ಕಾಡುವುದು. ‘ಸ್ಥಿತಿಸ್ಥಾಪಕತ್ವ’ ಎಂಬುದನ್ನು ಉಚ್ಚರಿಸುವಷ್ಟರಲ್ಲೇ ಉಸಿರು ಹೋಗುತ್ತದೆ. ಅದರ ಹಿಂದಿರುವುದು ಬೆಲೆ ನೂರಕ್ಕೆ ಒಂದು ಏರಿದರೆ ಬೇಡಿಕೆ ನೂರಕ್ಕೆ ಎಷ್ಟು ಇಳಿಯುತ್ತದೆ ಎಂಬ ಸರಳ ಪ್ರಶ್ನೆ.

ಮುಂದೇನು ಎಂದರೆ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯಿದೆ. ಅದರ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಗಟ್ಟಿಯಿಲ್ಲದವರು ದಾಟುವುದಿಲ್ಲ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಮುಂಬೈಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಇವೆ. ಐಐಟಿಗಳು ಸ್ನಾತಕೋತ್ತರ ಪ್ರವೇಶಕ್ಕೆ ನಡೆಸುವ ಜಾಮ್ ಪರೀಕ್ಷೆಯಲ್ಲಿ 2021ರಿಂದ ಅರ್ಥಶಾಸ್ತ್ರದ ಪತ್ರಿಕೆಯೂ ಇದೆ. ಸ್ನಾತಕೋತ್ತರ ಪದವಿಯ ನಂತರ ಯುಪಿಎಸ್‌ಸಿಯ ಭಾರತೀಯ ಆರ್ಥಿಕ ಸೇವೆ, ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗದ ಅಧಿಕಾರಿ ಹುದ್ದೆ. “ಅಂತೂ ಬ್ಯಾಂಕು ಬಂತಲ್ಲ,” ಎಂದು ಭಾವ ಸಮಾಧಾನಪಟ್ಟುಕೊಂಡರು.

ಕತ್ತಲಾಗುವ ಹೊತ್ತಿಗೆ ಜುಬಿಲಿ ವೃತ್ತದಲ್ಲಿ ಅವರನ್ನು ಹುಬ್ಬಳ್ಳಿಯ ಚಿಗರಿ ಬಸ್ಸಿಗೆ ಹತ್ತಿಸಲು ಹೋದೆ. ಟಿಕೆಟ್ ಕೈಗೆ ಬಂದ ಮೇಲೆ ಹುಡುಗಿ ತಿರುಗಿ ಕೇಳಿದಳು: “ಮಾಮಾ, ಆ ಇಬ್ಬರು ಖರೀದಿದಾರರು ಟೆಂಡರ್ ಹಾಕುವ ಮೊದಲು ಒಟ್ಟಿಗೆ ಕುಳಿತು ಚಹಾ ಕುಡಿದಿದ್ದರೆ?” ಉತ್ತರ ಶುರು ಮಾಡುವಷ್ಟರಲ್ಲಿ ಬಸ್ಸು ಬಂತು.

ಮರುದಿನ ಬೆಳಿಗ್ಗೆ ಮೊಬೈಲಿಗೆ ಒಂದು ಚಿತ್ರ ಬಂದಿತ್ತು, ನೋಟುಪುಸ್ತಕದ ಹಾಳೆಯದು. ಇಬ್ಬರಿಗೂ ಲಾಟು 80 ಬೆಲೆಬಾಳುತ್ತದೆ, ಇಬ್ಬರೂ 10 ಹಾಕೋಣ ಎಂದು ಮಾತಾಡಿಕೊಂಡಿದ್ದಾರೆ, ಸಮ ಬಂದಾಗ ಚೀಟಿ ಎತ್ತುತ್ತಾರೆ: ಸರಾಸರಿ ಲಾಭ 35. ಒಬ್ಬ ಮಾತು ತಪ್ಪಿ 11 ಹಾಕಿದರೆ ಅವನಿಗೆ 69. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಳು: “ಮರುವಾರ ಮತ್ತೆ ಅವರಿಬ್ಬರೇ ಬರುತ್ತಾರೆ ಅಲ್ಲವೇ? ಅದನ್ನು ಲೆಕ್ಕದಲ್ಲಿ ಹೇಗೆ ಸೇರಿಸುವುದು ಗೊತ್ತಾಗಲಿಲ್ಲ.”